ಗುಳಿಗೆ ಉಚಿತ, ಕೂಲಿ ನಷ್ಟ 30,710 ರೂಪಾಯಿ

ತೂಕ 35ರಿಂದ 49 ಕೆ.ಜಿ. ಒಳಗಿರುವ ಕ್ಷಯರೋಗಿಗೆ ದಿನಕ್ಕೆ ಮೂರು ಗುಳಿಗೆ. ಮೊದಲ 56 ದಿನ ನಾಲ್ಕು ಔಷಧ ಬೆರೆತ ಗುಳಿಗೆ, ಮುಂದಿನ 112 ದಿನ ಮೂರು ಔಷಧ ಬೆರೆತದ್ದು. ಒಟ್ಟು 168 ದಿನಕ್ಕೆ 504 ಗುಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ರೋಗಿ ಕೊಡಬೇಕಾದ ಹಣ ಸೊನ್ನೆ. ಕಫ ಪರೀಕ್ಷೆಗೂ ಸೊನ್ನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಕೂಲಿ ಕುಟುಂಬವೊಂದಕ್ಕೆ ಈ ಎರಡು ಸೊನ್ನೆಗಳ ಆಚೆ ಬೀಳುವ ಖರ್ಚೆಷ್ಟು ಎಂಬುದು ಇಲ್ಲಿನ ಲೆಕ್ಕ.

ಮೊದಲು ರೋಗದ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ 2015ರಲ್ಲಿ ಲಕ್ಷ ಜನಸಂಖ್ಯೆಗೆ 237 ಮಂದಿಗೆ ಹೊಸದಾಗಿ ಕ್ಷಯ ತಗುಲುತ್ತಿತ್ತು. 2024ರಲ್ಲಿ ಆ ಸಂಖ್ಯೆ 187. ಒಂಬತ್ತು ವರ್ಷಗಳಲ್ಲಿ ಶೇ 21ರಷ್ಟು ಇಳಿಕೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಈ ಐದು ತಾಲ್ಲೂಕುಗಳೇ. 2011ರ ಜನಗಣತಿಯಲ್ಲಿ ಇವುಗಳ ಜನಸಂಖ್ಯೆ ಸುಮಾರು 10 ಲಕ್ಷ. ರಾಷ್ಟ್ರೀಯ ಸರಾಸರಿಯನ್ನೇ ಇಲ್ಲಿಗೂ ಹಚ್ಚಿದರೆ ವರ್ಷಕ್ಕೆ 1,870 ರೋಗಿಗಳು. ಇದು ಜಿಲ್ಲೆಯ ದಾಖಲೆಯಿಂದ ತೆಗೆದ ಸಂಖ್ಯೆಯಲ್ಲ, ಹೊರೆಯ ಗಾತ್ರ ತಿಳಿಯಲು ಹಾಕಿದ ಗುಣಾಕಾರ. ಮುಂದೆಯೂ ಇದನ್ನು ಹಾಗೆಯೇ ಓದಬೇಕು.

ಹೊರೆಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಮಾನದಂಡ ‘ದುರ್ಭರ ವೆಚ್ಚ’. ಪರೀಕ್ಷೆ, ಔಷಧ, ಪ್ರಯಾಣ, ಆಹಾರ ಮತ್ತು ಕಳೆದುಕೊಂಡ ದುಡಿಮೆ, ಇವೆಲ್ಲ ಸೇರಿ ಕುಟುಂಬದ ವಾರ್ಷಿಕ ಆದಾಯದ ಶೇ 20ನ್ನು ಮೀರಿದರೆ ಆ ಕುಟುಂಬ ದುರ್ಭರ ವೆಚ್ಚಕ್ಕೆ ಸಿಲುಕಿದೆ ಎಂದು ಲೆಕ್ಕ. 2020ರ ಹೊತ್ತಿಗೆ ಇಂಥ ಕುಟುಂಬಗಳ ಸಂಖ್ಯೆ ಸೊನ್ನೆಯಾಗಬೇಕು ಎಂಬುದು ಜಾಗತಿಕ ಗುರಿಯಾಗಿತ್ತು. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಸರಾಸರಿ ಶೇ 50ರ ಆಸುಪಾಸಿನಲ್ಲಿದೆ.

ಮಾದರಿಗೆ ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ಗಂಡ, ಹೆಂಡತಿ ಇಬ್ಬರೂ ಕೂಲಿಗೆ ಹೋಗುತ್ತಾರೆ, ವರ್ಷದಲ್ಲಿ ತಲಾ 200 ದಿನ ಕೆಲಸ ಸಿಗುತ್ತದೆ. ದಿನಗೂಲಿಗೆ 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತರಿ ದರ 370 ರೂ. ಹಿಡಿದಿದ್ದೇನೆ. ಮೆಕ್ಕೆಜೋಳ ಮುರಿಯುವ, ಶೇಂಗಾ ಕೀಳುವ ಹಂಗಾಮಿನಲ್ಲಿ ಗಂಡಾಳಿಗೆ ಇದಕ್ಕಿಂತ ಹೆಚ್ಚು ಸಿಗಬಹುದು. ಬೇಸಿಗೆಯಲ್ಲಿ ಕೆಲಸವೇ ಇರುವುದಿಲ್ಲ. ಹೊಲದ ಕೂಲಿಯಲ್ಲಿ ಹೆಣ್ಣಾಳಿಗೆ ಕಡಿಮೆ ಕೊಡುವ ರೂಢಿಯನ್ನು ಈ ಲೆಕ್ಕ ಪರಿಗಣಿಸಿಲ್ಲ. ವಾರ್ಷಿಕ ಆದಾಯ 1,48,000 ರೂ. ಅದರ ಶೇ 20 ಎಂದರೆ 29,600 ರೂ. ಈ ಗೆರೆ ದಾಟಿದರೆ ವೆಚ್ಚ ದುರ್ಭರ.

ಗೆರೆ ದಾಟಿಸಲು ಕೂಲಿ ನಷ್ಟವೊಂದೇ ಸಾಕು. ತಮಿಳುನಾಡಿನ 304 ರೋಗಿಗಳನ್ನು ವಿಚಾರಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿ ರೋಗಿ ಸರಾಸರಿ 83 ದಿನದ ದುಡಿಮೆ ಕಳೆದುಕೊಂಡಿದ್ದ. 2025–26ರ 370 ರೂ.ನಂತೆ ಅದು 30,710 ರೂ. ಮಾದರಿ ಕುಟುಂಬದ ಮಿತಿಗಿಂತ 1,110 ರೂ. ಹೆಚ್ಚು. ಇಷ್ಟು ಹೊತ್ತಿಗೆ ಬಸ್ ಚಾರ್ಜಿಗಾಗಲಿ ವೈದ್ಯರ ಫೀಸಿಗಾಗಲಿ ಒಂದು ರೂಪಾಯಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅದೇ ಅಧ್ಯಯನದಲ್ಲಿ ರೋಗಿಯೊಬ್ಬರ ಒಟ್ಟು ವೆಚ್ಚ ಆಗಿನ ಬೆಲೆಯಲ್ಲಿ 5,986 ರೂ. ಅದರಲ್ಲಿ ನೇರ ವೆಚ್ಚ, ಅಂದರೆ ಕೈಯಿಂದ ಬಿಚ್ಚಿದ ಹಣ, 2,052 ರೂ. ಪರೋಕ್ಷ ವೆಚ್ಚ, ಅಂದರೆ ಬಾರದೇ ಹೋದ ದುಡಿಮೆ, 3,934 ರೂ. ನೇರ ವೆಚ್ಚದ ಪಾಲು ಶೇ 34. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ನೋಂದಣಿಯಾದ 1,407 ಭಾರತೀಯ ರೋಗಿಗಳ ಇತ್ತೀಚಿನ ಅಧ್ಯಯನದಲ್ಲಿ ಒಟ್ಟು ವೆಚ್ಚದ ಮಧ್ಯಾಂಕ 386 ಡಾಲರ್, ನೇರ ವೆಚ್ಚದ್ದು 78.4 ಡಾಲರ್. (ಮಧ್ಯಾಂಕ ಎಂದರೆ ಎಲ್ಲರ ವೆಚ್ಚವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಸರಿಯಾಗಿ ನಡುವೆ ಬರುವ ಸಂಖ್ಯೆ.) ಡಾಲರಿಗೆ ಆಗಿನ ಸುಮಾರು 80 ರೂ. ದರದಲ್ಲಿ ಒಟ್ಟು ವೆಚ್ಚ 31,000 ರೂ.ಗೆ ಹತ್ತಿರ, ನೇರ ವೆಚ್ಚ 6,270 ರೂ. ಸುಮಾರು. ಒಂದು ಸರಾಸರಿ, ಇನ್ನೊಂದು ಮಧ್ಯಾಂಕ ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆದರೂ ನೇರ ವೆಚ್ಚ ಒಟ್ಟು ವೆಚ್ಚದ ಮೂರನೇ ಒಂದರಿಂದ ಐದನೇ ಒಂದಕ್ಕೆ ಇಳಿದಿದೆ ಎಂಬ ದಿಕ್ಕು ಕಾಣುತ್ತದೆ. ಉಚಿತ ಔಷಧ, ಉಚಿತ ಪರೀಕ್ಷೆ ತಮ್ಮ ಕೆಲಸ ಮಾಡಿವೆ. ಉಳಿದಿರುವುದು ಕೂಲಿ. ಈ ಅಧ್ಯಯನದಲ್ಲಿ ದುರ್ಭರ ವೆಚ್ಚಕ್ಕೆ ಸಿಲುಕಿದ ಕುಟುಂಬಗಳು ಶೇ 45. ಮೇಲಿನ 1,870ಕ್ಕೆ ಇದನ್ನು ಹಚ್ಚಿದರೆ ಐದು ತಾಲ್ಲೂಕುಗಳಲ್ಲಿ ವರ್ಷಕ್ಕೆ ಸುಮಾರು 840 ಮನೆ.

ಕೂಲಿಗೆ ಎದುರಾಗಿ ಸರ್ಕಾರ ಕೊಡುವುದು ನಿಕ್ಷಯ್ ಪೋಷಣ್ ಯೋಜನೆಯ ಹಣ. ಇದು ಹೆಸರಿಗೆ ಕೂಲಿಯ ಪರಿಹಾರವಲ್ಲ, ಪೌಷ್ಟಿಕ ಆಹಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ ನೇರ ಜಮೆಯಾಗುವ ಮೊತ್ತ. 2018ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂ. ಇತ್ತು. 2024ರ ನವೆಂಬರ್ 1ರಿಂದ 1,000 ರೂ. ಆಗಿದ್ದು, ಆರು ತಿಂಗಳ ಚಿಕಿತ್ಸೆಗೆ 3,000 ರೂ.ಗಳ ಎರಡು ಮುಂಗಡ ಕಂತು. ಕಾಗದದ ಮೇಲೆ ಏರಿಕೆ ಶೇ 100. ಕೂಲಿಯಲ್ಲಿ ಅಳೆದರೆ ಚಿತ್ರ ಬೇರೆ. 2018–19ರಲ್ಲಿ ಉದ್ಯೋಗ ಖಾತರಿ ಕೂಲಿ 249 ರೂ., ಆಗಿನ 500 ರೂ. ಎಂದರೆ ಎರಡು ದಿನದ ಕೂಲಿ. 2024–25ರಲ್ಲಿ ಕೂಲಿ 349 ರೂ. ತಲುಪಿದಾಗ ಅದೇ 500 ರೂ. ಒಂದೂವರೆ ದಿನದ ಕೂಲಿಗೂ ಸಾಲುತ್ತಿರಲಿಲ್ಲ. ಈಗಿನ 1,000 ರೂ. 370ರ ಲೆಕ್ಕದಲ್ಲಿ 2.7 ದಿನದ ಕೂಲಿ. ಎರಡರಿಂದ 2.7ಕ್ಕೆ ಎಂದರೆ ಏಳು ವರ್ಷದಲ್ಲಿ ಆದ ನಿಜವಾದ ಏರಿಕೆ ಸುಮಾರು ಶೇ 35. ಆರಂಭದ 500 ರೂ.ಗಳನ್ನು ಕೂಲಿ ದರಕ್ಕೆ ಜೋಡಿಸಿ ಬಿಟ್ಟಿದ್ದರೆ 2025–26ರಲ್ಲಿ 743 ರೂ. ಆಗಿರುತ್ತಿತ್ತು. ಹಾಗಾಗಿ 1,000 ರೂ. ಕಡಿಮೆಯಾಯಿತು ಎನ್ನುವಂತಿಲ್ಲ, ದುಪ್ಪಟ್ಟಾಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಆರು ತಿಂಗಳ 6,000 ರೂ. 30,710 ರೂ. ನಷ್ಟದ ಶೇ 19.5.

ಪೌಷ್ಟಿಕ ಆಹಾರಕ್ಕಾದರೂ ಅದು ಸಾಕೇ? ನಂದಿನಿ ಟೋನ್ಡ್ ಹಾಲು 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂ. ಏರಿ 46 ರೂ. ಆಯಿತು. ದಿನಕ್ಕೆ ಅರ್ಧ ಲೀಟರಿನಂತೆ ತಿಂಗಳಿಗೆ 690 ರೂ. ಮೊಟ್ಟೆಗೆ 6 ರೂ. ಎಂದು ಹಿಡಿದರೆ ದಿನಕ್ಕೆ ಎರಡರಂತೆ 360 ರೂ. ಒಟ್ಟು 1,050 ರೂ. ಯೋಜನೆಯ ಹಣ ಇಲ್ಲಿಗೇ ಮುಗಿದು 50 ರೂ. ಬಾಕಿ ಬೀಳುತ್ತದೆ. ಅಕ್ಕಿಯನ್ನು ಅನ್ನಭಾಗ್ಯ ನೋಡಿಕೊಳ್ಳುತ್ತದೆ. ಬೇಳೆ, ಎಣ್ಣೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಊಟದ ಖರ್ಚು ಮನೆಯ ಹೆಗಲಿಗೆ ಬಂದದ್ದಕ್ಕೂ ಒಂದು ಇತಿಹಾಸವಿದೆ. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಅಧ್ಯಯನ 193 ರೋಗಿಗಳನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಸ್ಯಾನಟೋರಿಯಂನಲ್ಲಿ, ಇನ್ನೊಂದನ್ನು ಮನೆಯಲ್ಲಿಟ್ಟು ಒಂದೇ ಔಷಧ ಕೊಟ್ಟಿತು. ಸ್ಯಾನಟೋರಿಯಂನವರಿಗೆ ಒಳ್ಳೆಯ ಊಟ ಇತ್ತು, ಮನೆಯವರಿಗೆ ಇರಲಿಲ್ಲ. ವರ್ಷದ ಕೊನೆಗೆ ಗುಣ ಕಂಡವರು ಕ್ರಮವಾಗಿ ಶೇ 92 ಮತ್ತು ಶೇ 86. ವ್ಯತ್ಯಾಸ ಚಿಕ್ಕದು, ಹಾಸಿಗೆಯ ಖರ್ಚು ದೊಡ್ಡದು. ಪ್ರಪಂಚದಾದ್ಯಂತ ಕ್ಷಯದ ಚಿಕಿತ್ಸೆ ಆಸ್ಪತ್ರೆಯಿಂದ ಮನೆಗೆ ಬಂತು. ನಿರ್ಧಾರ ಸರಿಯಾದದ್ದೇ. ಬಡವರು ವರ್ಷಗಟ್ಟಲೆ ಊರು ಬಿಟ್ಟು ಹಾಸಿಗೆಗಾಗಿ ಕಾಯುವುದು ತಪ್ಪಿತು. ಆದರೆ ಅದರ ಜೊತೆಗೆ ಊಟದ ಬಿಲ್ಲು ಸರ್ಕಾರದ ಪುಸ್ತಕದಿಂದ ಮನೆಯ ಪುಸ್ತಕಕ್ಕೆ ವರ್ಗವಾಯಿತು. ಆಹಾರ ಅಷ್ಟೇನೂ ಮುಖ್ಯವಲ್ಲ ಎಂಬ ನಂಬಿಕೆಯೂ ಬೇರೂರಿತು.

ಆ ನಂಬಿಕೆಯನ್ನು ಅಲುಗಿಸಿದ ಅಂಕಿ ಬಂದದ್ದು 64 ವರ್ಷಗಳ ಮೇಲೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳು ಹಾಗೂ ಅವರ ಮನೆಯ 10,345 ಮಂದಿಯ ಮೇಲೆ ನಡೆಸಿದ ‘ರೇಷನ್ಸ್’ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ರೋಗಿಗಳೆಲ್ಲರಿಗೂ ತಿಂಗಳಿಗೆ 10 ಕೆ.ಜಿ. ಆಹಾರದ ಬುಟ್ಟಿ ಸಿಕ್ಕಿತು. ಮನೆಮಂದಿಯಲ್ಲಿ ಒಂದು ಗುಂಪಿಗೆ ಮಾತ್ರ ತಲಾ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಕೊಡಲಾಯಿತು. ಹೀಗೆ ಅಕ್ಕಿ, ಬೇಳೆ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವ ಪ್ರಮಾಣ ಶೇ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. 42 ಕೆ.ಜಿ. ತೂಗುವವನಿಗೆ ಶೇ 5 ಎಂದರೆ 2.1 ಕೆ.ಜಿ.

ಬುಟ್ಟಿಯ ಬೆಲೆ 2019ರಲ್ಲಿ ರೋಗಿಗೆ ತಿಂಗಳಿಗೆ ಸುಮಾರು 1,100 ರೂ., ಮನೆಯ ಪ್ರತಿ ಸದಸ್ಯನಿಗೆ 325 ರೂ. ರೋಗಿಯ ಜೊತೆ ನಾಲ್ವರಿರುವ ಮನೆಗೆ ತಿಂಗಳಿಗೆ 2,400 ರೂ., ಆರು ತಿಂಗಳಿಗೆ 14,400 ರೂ. ದುಪ್ಪಟ್ಟಾದ ನಿಕ್ಷಯ್ ಹಣ ಇಂದಿಗೂ ರೋಗಿಯೊಬ್ಬನ 2019ರ ಬುಟ್ಟಿಗಿಂತ ತಿಂಗಳಿಗೆ 100 ರೂ. ಕಡಿಮೆ. ಇಡೀ ಮನೆಯ ಆರು ತಿಂಗಳ ಬುಟ್ಟಿಗಿಂತ 8,400 ರೂ. ಕಡಿಮೆ. ತೂಕ ಕಡಿಮೆ ಇರುವವರಿಗೆ ಮೊದಲ ಎರಡು ತಿಂಗಳು ಪೂರಕ ಆಹಾರ ಕೊಡುವ ನಿರ್ಧಾರವೂ 2024ರಲ್ಲಿ ಬಂದಿದೆ. ದಾನಿಗಳು ‘ನಿಕ್ಷಯ್ ಮಿತ್ರ’ರಾಗಿ ಕಿಟ್ ಕೊಡುವ ಏರ್ಪಾಡು 2022ರಿಂದ ಇದೆ. ದಾನಿಯ ಮನಸ್ಸನ್ನು ಅವಲಂಬಿಸಿದ ಕಿಟ್ಟನ್ನು ಕುಟುಂಬದ ಆಯವ್ಯಯದಲ್ಲಿ ಖಚಿತ ಜಮೆಯಾಗಿ ಬರೆಯಲಾಗದು.

ಮಾದರಿ ಕುಟುಂಬಕ್ಕೆ ಹಿಂದಿರುಗಿದರೆ, 30,710ರಲ್ಲಿ 6,000 ಕಳೆದು ಉಳಿಯುವುದು 24,710 ರೂ. ಮಿತಿ 29,600. ನಡುವಿನ ಅಂತರ 4,890 ರೂ. ರೋಗ ಪತ್ತೆಯಾಗುವ ಮೊದಲು ಮತ್ತು ಆಮೇಲೆ ಈ ಮನೆ ಕೈಯಿಂದ ಬಿಚ್ಚುವ ಹಣ 4,890ರ ಒಳಗೆ ನಿಂತರೆ ಅದು ದುರ್ಭರ ವೆಚ್ಚದಿಂದ ಪಾರು. ಮೇಲೆ ಹೇಳಿದ 1,407 ರೋಗಿಗಳ ಅಧ್ಯಯನದ ನೇರ ವೆಚ್ಚ 6,270 ರೂ. ಸೇರಿಸಿದರೆ ಹೊರೆ 30,980 ರೂ., ಆದಾಯದ ಶೇ 20.9. ಗೆರೆಯ ಮೇಲೆ.

ಈ 4,890 ರೂ. ಕರಗುವುದು ಬಹುಪಾಲು ಹೆಸರು ನೋಂದಣಿಯಾಗುವ ಮೊದಲೇ. ಭಾರತದ ಅಧ್ಯಯನಗಳನ್ನು ಕ್ರೋಡೀಕರಿಸಿ 2014ರಲ್ಲಿ ಪ್ರಕಟವಾದ ವಿಮರ್ಶೆಯಂತೆ ಮೊದಲ ಲಕ್ಷಣದಿಂದ ಚಿಕಿತ್ಸೆ ಶುರುವಾಗುವವರೆಗೆ ಕಳೆಯುವ ದಿನಗಳ ಮಧ್ಯಾಂಕ 55. ಅದರಲ್ಲಿ ರೋಗಿಯೇ ತಡಮಾಡುವುದು 18 ದಿನ. ವೈದ್ಯರ ಬಾಗಿಲಿಗೆ ಹೋದ ಮೇಲೆ ರೋಗ ಪತ್ತೆಯಾಗಲು ಹಿಡಿಯುವುದು 31 ದಿನ. ಅಷ್ಟರೊಳಗೆ ಆತ ಸರಾಸರಿ 2.7 ಚಿಕಿತ್ಸಕರನ್ನು ಕಂಡಿರುತ್ತಾನೆ. ಮೊದಲು ಹೋಗುವುದು ಖಾಸಗಿಯವರ ಬಳಿ ಎಂದವರು ಸುಮಾರು ಅರ್ಧ. ಊರಲ್ಲೇ ಸೂಜಿ ಹಾಕುವವರು, ಹೋಬಳಿಯ ಕ್ಲಿನಿಕ್, ಪೇಟೆಯ ಎಕ್ಸ್‌ರೇ, ಅಲ್ಲಿಂದ ಸರ್ಕಾರಿ ಆಸ್ಪತ್ರೆ, ಇದು ಸಾಮಾನ್ಯ ದಾರಿ. ಒಂದು ಸಿರಪ್, ಒಂದು ಕೋರ್ಸ್ ಆ್ಯಂಟಿಬಯಾಟಿಕ್, ಒಂದು ಬಾಟಲಿ ಗ್ಲೂಕೋಸ್. ಉಚಿತ ಗುಳಿಗೆಯ ಮೊದಲ ಪಟ್ಟಿ ಕೈಗೆ ಬರುವಾಗ ಮನೆಯಲ್ಲಿ ಆಗಲೇ ಸಾಲವಿರುತ್ತದೆ.

ರೋಗಿ ಬಾಗಿಲಿಗೆ ಬಂದರೂ ರೋಗ ಬೇಗ ಪತ್ತೆಯಾಗುವುದಿಲ್ಲ ಎಂಬ ದೂರು ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶ್ವಾಸಕೋಶದ ಕ್ಷಯವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹಳ್ಳಿಯವರಿಗೆ ಅರಿವಿಲ್ಲ ಎಂಬ ಊಹೆಗೆ ಆ ಅಂಕಿ ಉತ್ತರವಾಗಿತ್ತು. ಆದರೆ 2019–21ರ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯಲ್ಲಿ ಲಕ್ಷಣವಿದ್ದೂ ಎಲ್ಲಿಗೂ ಹೋಗದವರು ಶೇ 64. ಏಕೆ ಹೋಗಲಿಲ್ಲ ಎಂದರೆ ಶೇ 68 ಮಂದಿ ಲಕ್ಷಣವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ ಎಂದರು, ಹಣವಿಲ್ಲ ಎಂದವರು ಶೇ 2. ಆ 2ನ್ನು ನೋಡಿ ಬಡತನ ಕಾರಣವಲ್ಲ ಎಂದು ಬರೆಯುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ದಿನ ಆಸ್ಪತ್ರೆಗೆ ಹೋದರೆ 370 ರೂ. ಕೂಲಿ ಹೋಗುವವನಿಗೆ ಎರಡು ವಾರದ ಕೆಮ್ಮನ್ನು ಗಣನೆಗೆ ತೆಗೆದುಕೊಳ್ಳದಿರುವುದೂ ಹಣದ ನಿರ್ಧಾರವೇ.

ಬಸ್ಸಿನ ಲೆಕ್ಕ ಇದನ್ನೇ ಹೇಳುತ್ತದೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ 40 ರೂ. ಟಿಕೆಟ್ ಎಂದಿಟ್ಟುಕೊಂಡರೆ ಹೋಗಿಬರಲು 80 ರೂ., ಕೂಲಿ ಸೇರಿ ಆ ದಿನದ ಖರ್ಚು 450 ರೂ. ಅದರಲ್ಲಿ ಬಸ್ಸಿನ ಪಾಲು ಶೇ 18 ಮಾತ್ರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಅವರ ಖರ್ಚು 370ಕ್ಕೆ ಇಳಿದಿದೆ. ಗಂಡಸರಿಗೆ 2025ರ ಜನವರಿ 5ರಿಂದ ದರ ಶೇ 15 ಏರಿದೆ. ದೇಶದಲ್ಲಿ ದಾಖಲಾಗುವ ಕ್ಷಯರೋಗಿಗಳಲ್ಲಿ ಗಂಡಸರೇ ಸುಮಾರು ಶೇ 60.

ಸಾಲಕ್ಕೆ ಬಂದರೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 10,000 ರೂ. ಕೈಗಡ ತಂದು ವರ್ಷ ಬಿಟ್ಟು ತೀರಿಸಿದರೆ ಬಡ್ಡಿಯೇ 3,600 ರೂ. ನಿಕ್ಷಯ್‌ನಿಂದ ಬರುವ ಒಟ್ಟು ಹಣದ ಶೇ 60. ಸಾಲ ತೀರಿಸಲು ಮನೆ ಏನನ್ನು ಬಿಡುತ್ತದೆ ಎಂಬುದಕ್ಕೆ ತಮಿಳುನಾಡಿನ ಅದೇ ಅಧ್ಯಯನದಲ್ಲಿ ಎರಡು ಅಂಕಿಗಳಿವೆ: ಶಾಲೆಗೆ ಹೋಗುತ್ತಿದ್ದ ಮಕ್ಕಳಲ್ಲಿ ಶೇ 11 ಓದು ಬಿಟ್ಟರು, ಇನ್ನೂ ಶೇ 8 ಮನೆಯ ಸಂಪಾದನೆಗಾಗಿ ಕೆಲಸಕ್ಕೆ ಹತ್ತಿದರು.

ಇಲ್ಲಿಯವರೆಗೆ ಮನೆಯೊಡತಿಗೆ ಸರ್ಕಾರ ಕೊಡುವ ಗೃಹಲಕ್ಷ್ಮಿ ಹಣವನ್ನು ಸೇರಿಸಿಲ್ಲ. ಸೇರಿಸಲೇಬೇಕು. ತಿಂಗಳಿಗೆ 2,000 ರೂ.ನಂತೆ ವರ್ಷಕ್ಕೆ 24,000 ರೂ. ಸೇರಿದರೆ ಮಾದರಿ ಕುಟುಂಬದ ಆದಾಯ 1,72,000 ರೂ. ಆಗುತ್ತದೆ, 30,980 ರೂ. ಹೊರೆ ಆದಾಯದ ಶೇ 18ಕ್ಕೆ ಇಳಿಯುತ್ತದೆ. ಕ್ಷಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಆದರೂ ಈ ಮನೆಯನ್ನು ಗೆರೆಯ ಕೆಳಗೆ ತರುವುದು ಇದೇ. ಆದರೆ ಹೊಸ ಮಿತಿ 34,400ಕ್ಕೂ ಹೊರೆಗೂ ನಡುವಿನ ಅಂತರ 3,420 ರೂ. ಮಾತ್ರ. ಜೊತೆಗೆ ಆಸ್ಪತ್ರೆಗೆ ಹೋಗಲು, ಜ್ವರ ಬಂದಾಗ ಕಾಯಲು ಹೆಂಡತಿ ಹತ್ತು ದಿನ ಕೂಲಿ ಬಿಟ್ಟರೆ 3,700 ರೂ. ಮನೆ ಮತ್ತೆ ಶೇ 20.2ರಲ್ಲಿ.

ಗುಳೆ ಹೋಗುವ ಮನೆಗಳಲ್ಲಿ ಬಿಡುವುದು ಹತ್ತು ದಿನವಲ್ಲ. ಈ ಐದು ತಾಲ್ಲೂಕುಗಳ ಮಳೆಯಾಶ್ರಿತ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೂ ಬೆಂಗಳೂರು, ಮಂಗಳೂರಿನ ಕಟ್ಟಡ ಕೆಲಸಕ್ಕೂ ಜನ ಹೊರಡುತ್ತಾರೆ. ಹೋಗುವುದು ಹೆಚ್ಚಾಗಿ ಗಂಡಹೆಂಡತಿ ಜೋಡಿಯಾಗಿ. ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರೂ ಊರಲ್ಲೇ ಉಳಿಯುತ್ತಾರೆ. 83 ದಿನ ಇಬ್ಬರಿಗೂ ತಪ್ಪಿದರೆ 166 ದಿನ, 61,420 ರೂ. ಗೃಹಲಕ್ಷ್ಮಿ ಸೇರಿಸಿದ ಆದಾಯದ ಎದುರಿಗೂ ಅದು ಶೇ 35.7. ನಿಕ್ಷಯ್ ಗುರುತಿನ ಸಂಖ್ಯೆಯಿಂದ ಚಿಕಿತ್ಸೆಯನ್ನು ಇನ್ನೊಂದು ಜಿಲ್ಲೆಗೆ ವರ್ಗಾಯಿಸಬಹುದು. ಕೂಲಿಯನ್ನು ವರ್ಗಾಯಿಸುವ ಏರ್ಪಾಡು ಯಾವುದೂ ಇಲ್ಲ.

ಔಷಧಕ್ಕೆ ಬಗ್ಗದ ಕ್ಷಯದ ಲೆಕ್ಕ ಇನ್ನೂ ಕಠಿಣ. ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಗಳಲ್ಲಿ ಇಂಥ ರೋಗಿಗಳ ಮನೆಗಳಲ್ಲಿ ದುರ್ಭರ ವೆಚ್ಚಕ್ಕೆ ಸಿಲುಕಿದವು ಶೇ 82. ಈ ಬಗೆಯ ಕ್ಷಯಕ್ಕೆ 18ರಿಂದ 20 ತಿಂಗಳ ಚಿಕಿತ್ಸೆಯ ಬದಲು ಆರು ತಿಂಗಳ ಹೊಸ ಔಷಧ ಕ್ರಮಕ್ಕೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಹಣದ ದೃಷ್ಟಿಯಿಂದ ಕಳೆದ ಹತ್ತು ವರ್ಷಗಳಲ್ಲಿ ರೋಗಿಗೆ ಸಿಕ್ಕ ದೊಡ್ಡ ಉಳಿತಾಯ ಇದೇ ಇರಬಹುದು. ಅದು ಬಂದದ್ದು ಭತ್ಯೆಯಿಂದಲ್ಲ, ದಿನಗಳ ಕಡಿತದಿಂದ.

ಇನ್ನು ಎಷ್ಟು ಹಣ ಬೇಕು? ರೋಗಿಗೆ ಆರು ತಿಂಗಳಲ್ಲಿ ಸಿಗುವ 6,000 ರೂ. 16 ದಿನದ ಕೂಲಿ. ಅದನ್ನು 30 ದಿನದ ಕೂಲಿಗೆ, ಅಂದರೆ 11,100 ರೂ.ಗೆ, ಏರಿಸಲು ತಲಾ 5,100 ರೂ. ಹೆಚ್ಚುವರಿ ಬೇಕು. 1,870 ರೋಗಿಗಳೆಂದು ಹಿಡಿದರೆ ಐದು ತಾಲ್ಲೂಕುಗಳಿಗೆ ವರ್ಷಕ್ಕೆ 95.37 ಲಕ್ಷ ರೂ. ಹೆಂಡತಿ ಹತ್ತು ದಿನ ಕೂಲಿ ಬಿಟ್ಟ ಆ ಮಾದರಿ ಮನೆಯ ಹೊರೆ ಆಗ ಶೇ 20.2ರಿಂದ ಶೇ 17.2ಕ್ಕೆ ಇಳಿಯುತ್ತದೆ. ಗುಳೆ ತಪ್ಪಿದ ಜೋಡಿಯದು, ನೇರ ವೆಚ್ಚವನ್ನು ಬಿಟ್ಟು ಲೆಕ್ಕ ಹಾಕಿದರೂ, 11,100 ರೂ. ಕಳೆದ ಮೇಲೆ ಶೇ 29.3ರಲ್ಲೇ ನಿಲ್ಲುತ್ತದೆ.